ಜಿನ್ನಿಗೊಂದು ಒಗ್ಗರಣೆ

ಬೆಂಗಳೂರಿನ ಬಾರುಗಳ ಮೆನುವಿನಲ್ಲಿ ಈಗ ಅತಿ ಹೆಚ್ಚು ವಿಶೇಷಣಗಳು ಸಿಗುವುದು ಜಿನ್ನಿನ ಪುಟದಲ್ಲಿ. ಹತ್ತು ಹನ್ನೆರಡು ವರ್ಷದ ಹಿಂದೆ ಅದಕ್ಕೊಂದು ಪುಟವೇ ಇರಲಿಲ್ಲ. ವಿಸ್ಕಿ, ರಮ್ಮು, ಬ್ರಾಂದಿಗಳ ಉದ್ದನೆಯ ಪಟ್ಟಿ ಮುಗಿದ ಮೇಲೆ ಎರಡು ಹೆಸರು, ಎರಡು ಬೆಲೆ, ಅಷ್ಟೆ. 2017ರಲ್ಲಿ ಗೋವಾದಿಂದ ‘ಗ್ರೇಟರ್ ದ್ಯಾನ್’ ಬಂತು. ಮರುವರ್ಷ ಅದೇ ಮನೆಯಿಂದ ‘ಹಪುಸಾ’, ಗೋವಾದ್ದೇ ಆದ ‘ಸ್ಟ್ರೇಂಜರ್ ಆ್ಯಂಡ್ ಸನ್ಸ್’, ರ್‍ಯಾಡಿಕೊ ಖೇತಾನ್ ಕಂಪನಿಯ ‘ಜೈಸಲ್ಮೇರ್’. ಆಮೇಲೆ ಲೆಕ್ಕ ಇಡುವುದನ್ನು ನಾನು ಬಿಟ್ಟೆ. ಇಷ್ಟು ಬಾಟಲಿಗಳು ಒಟ್ಟಿಗೆ ಬಂದ ಮೇಲೆ ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ತೋರಿಸಬೇಕಲ್ಲ, ಹಾಗಾಗಿ ವಿಶೇಷಣಗಳು. ‘ಸಿಟ್ರಸಿ’, ‘ಸ್ಪೈಸಿ’, ‘ಅರ್ದಿ’, ‘ಕ್ರಿಸ್ಪ್ ಫಿನಿಶ್’. ಪುಸ್ತಕದ ಬೆನ್ನುಡಿಗಳನ್ನು ಓದಿ ಪಳಗಿದವರಿಗೆ ಈ ಗದ್ಯದ ಪರಿಚಯ ತಕ್ಷಣ ಆಗುತ್ತದೆ. ಯಾವ ಹೆಸರಿನ ಕೆಳಗೆ ಯಾವ ಸಾಲನ್ನು ಇಟ್ಟರೂ ನಡೆಯುತ್ತದೆ.

ಕುಡಿಯುವುದನ್ನು ವಿಮರ್ಶೆಯ ವಿಷಯ ಮಾಡುವುದೇಕೆ ಎಂದು ಕೇಳುವವರಿದ್ದಾರೆ. ಊಟದ ಬಗ್ಗೆ ಬರೆದರೆ ಕನ್ನಡದಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಹೆಂಡದ ಬಗ್ಗೆ ಬರೆದರೆ ಒಂದೋ ಉಪದೇಶವಿರಬೇಕು, ಇಲ್ಲವೇ ತಮಾಷೆ ಇರಬೇಕು. ರಾಜರತ್ನಂ ಅವರ ರತ್ನ ನಮ್ಮ ಸಾಹಿತ್ಯದ ಅತಿ ಪ್ರಸಿದ್ಧ ಕುಡುಕ. ಅವನ ನಂಜಿ ಗೊತ್ತು, ಅವನ ಕನ್ನಡಪ್ರೀತಿ ಗೊತ್ತು, ಆದರೆ ಅವನ ಹೆಂಡ ನಾಲಿಗೆಗೆ ಹೇಗಿತ್ತು ಎಂಬುದು ನನ್ನ ನೆನಪಿನಲ್ಲಿ ಉಳಿದಿಲ್ಲ. ಅಮಲಿಗೆ ನಮ್ಮಲ್ಲಿ ನೂರು ಮಾತಿದೆ, ರುಚಿಗೆ ಮೌನ. ಆ ಮೌನದ ಜಾಗಕ್ಕೆ ಈಗ ಮೆನು ಕಾರ್ಡಿನ ಇಂಗ್ಲಿಷ್ ಬಂದು ಕೂತಿದೆ. ನನ್ನ ತಕರಾರು ಇಂಗ್ಲಿಷಿನ ಮೇಲಲ್ಲ. ಆ ಪದಗಳು ಲೋಟದಲ್ಲಿ ಇರುವುದನ್ನು ಹೇಳುತ್ತಿಲ್ಲ ಎಂಬುದರ ಮೇಲೆ.

ಉದಾಹರಣೆಗೆ ಸ್ಟ್ರೇಂಜರ್ ಆ್ಯಂಡ್ ಸನ್ಸನ್ನೇ ತೆಗೆದುಕೊಳ್ಳುತ್ತೇನೆ. ಅದನ್ನು ಆರಿಸಿದ್ದಕ್ಕೆ ಕಾರಣ ಅದರ ಸಾಮಾನಿನ ಪಟ್ಟಿ. ಜಿನ್ ಎಂದ ಮೇಲೆ ಜುನಿಪರ್ ಇದ್ದೇ ಇರುತ್ತದೆ. ಅದರ ಜೊತೆ ಬಂಗಾಳದ ಗಂಧರಾಜ ನಿಂಬೆ, ನಮ್ಮ ಮಾಮೂಲಿ ನಿಂಬೆ, ನಾಗಪುರದ ಕಿತ್ತಳೆ ಇವುಗಳ ಸಿಪ್ಪೆ. ಕೊತ್ತಂಬರಿ ಬೀಜ, ಕಾಳುಮೆಣಸು, ಜಾಯಿಕಾಯಿ, ಜಾಪತ್ರೆ, ಜ್ಯೇಷ್ಠಮಧು, ದಾಲ್ಚಿನ್ನಿಯ ಬಳಗದ ಕೇಸಿಯಾ ಚಕ್ಕೆ, ಏಂಜೆಲಿಕಾ ಬೇರು. ಜುನಿಪರ್ ಮತ್ತು ಏಂಜೆಲಿಕಾ ಬಿಟ್ಟರೆ ಉಳಿದದ್ದಕ್ಕೆಲ್ಲ ನಾವು ಅವೆನ್ಯೂ ರಸ್ತೆಯ ಆಚೀಚೆ ಚೀಟಿ ಬರೆದುಕೊಂಡು ಹೋಗುವವರೇ. ನಮ್ಮ ಅಡುಗೆಮನೆಯ ಡಬ್ಬಿಗಳ ಹೆಸರು ಹೇಳುವ ಈ ಬಾಟಲಿಯನ್ನು ಬಣ್ಣಿಸಲು ನಮ್ಮ ಅಡುಗೆಮನೆಯ ಮಾತು ಸಾಲದೆ?

ಮೊದಲು ಐಸಿಲ್ಲದೆ, ಟಾನಿಕ್ಕಿಲ್ಲದೆ, ಕೋಣೆಯ ಬಿಸುಪಿನಲ್ಲೇ ಮೂಸಿ ನೋಡಬೇಕು. ತಣ್ಣಗಾದಷ್ಟೂ ವಾಸನೆ ಮುದುಡಿಕೊಳ್ಳುತ್ತದೆ. ತಂಗಳುಪೆಟ್ಟಿಗೆಯಿಂದ ತೆಗೆದ ಸಾರಿಗೆ ವಾಸನೆ ಇಲ್ಲದಿರುವುದೂ ಅದಕ್ಕೇ. ಬಾಟಲಿಯಲ್ಲಿರುವುದು ನೂರಕ್ಕೆ 42.8 ಪಾಲು ಆಲ್ಕೋಹಾಲು. ನೇರ ಮೂಗಿಟ್ಟರೆ ಮೊದಲು ಸಿಗುವುದು ಘಾಟು. ಒಗ್ಗರಣೆಗೆ ಒಣಮೆಣಸಿನಕಾಯಿ ಸೀದಾಗ ಬರುವ ಘಾಟಿನ ಹಾಗೆ ಇದೂ ಮೂಗಿನ ಮೇಲ್ತುದಿಗೆ ಹೊಡೆಯುತ್ತದೆ, ಕಣ್ಣಿಗೆ ನೀರು ತರುವುದಿಲ್ಲ ಅಷ್ಟೆ. ಅಷ್ಟೇ ಅಳತೆಯ ನೀರು ಬೆರೆಸಿದರೆ ಘಾಟು ಇಳಿಯುತ್ತದೆ. ವೃತ್ತಿಯಲ್ಲಿರುವವರೂ ಹೀಗೆ ನೀರು ಬೆರೆಸಿಯೇ ಪರೀಕ್ಷಿಸುತ್ತಾರೆ, ಇದರಲ್ಲಿ ಅಪಚಾರವೇನಿಲ್ಲ.

ಆಗ ಮೇಲೇಳುವುದು ಸಿಪ್ಪೆ. ಮೆನುವಿನವರು ಇದನ್ನು ‘ಸಿಟ್ರಸಿ’ ಎನ್ನುತ್ತಾರೆ. ನಿಂಬೆಹಣ್ಣಿನ ಶರಬತ್ತೂ ಸಿಟ್ರಸ್ಸೇ, ಪಾತ್ರೆ ತೊಳೆಯುವ ಸೋಪೂ ಸಿಟ್ರಸ್ಸೇ. ಇಲ್ಲಿರುವುದು ಹುಳಿಯಲ್ಲ, ಹುಳಿ ಭಟ್ಟಿಯ ಕೊಳವೆ ಹತ್ತಿ ಬರುವುದಿಲ್ಲ. ಬರುವುದು ಸಿಪ್ಪೆಯ ಎಣ್ಣೆ ಮಾತ್ರ. ಇದಕ್ಕೆ ನಮ್ಮಲ್ಲಿ ಒಂದು ಖಚಿತವಾದ ಪದ ಇದೆ: ಸೊಗಡು. ಧನುರ್ಮಾಸದಲ್ಲಿ ಅವರೆಕಾಯಿ ಸುಲಿದವರ ಬೆರಳಿಗೆ ಅಂಟುವ, ಸೀಗೆಪುಡಿ ಹಾಕಿ ತೊಳೆದರೂ ಬಿಡದ ಎಣ್ಣೆಯ ವಾಸನೆಯನ್ನು ಹಳೇ ಮೈಸೂರಿನ ಕಡೆ ಹಾಗೆ ಕರೆಯುತ್ತೇವೆ. ಸೊಗಡಿಲ್ಲದ ಅವರೆಯನ್ನು ಮಾರುಕಟ್ಟೆಯಲ್ಲಿ ಯಾರೂ ಮೂಸುವುದಿಲ್ಲ. ಈ ಜಿನ್ನಿನ ಮೊದಲ ಗುಣ ಸಿಪ್ಪೆಯ ಸೊಗಡು. ಅದರಲ್ಲಿ ಅದು ಗೆದ್ದಿದೆ. ಗಂಧರಾಜದ ಹಸಿರು ವಾಸನೆ ಒಳ್ಳೆಯ ಹೇರಳೆಕಾಯಿಯ ಎಲೆ ಹಿಸುಕಿದಂತೆ, ನಿಜವಾಗಿ ಎದ್ದು ಬರುತ್ತದೆ.

ನಾಲಿಗೆಗೆ ಹೋದ ಮೇಲೆ ಕತೆ ಬೇರೆ. ಮೈಸೂರಿನಲ್ಲಿರುವ ನನ್ನ ಚಿಕ್ಕಮ್ಮ ಹನಿ ಮದ್ಯ ಮುಟ್ಟಿದವರಲ್ಲ. ಲೋಟ ಮೂಸಿ ಕೊಡಿ ಸಾಕು ಎಂದು ಒಮ್ಮೆ ಕಾಡಿ ಬೇಡಿದೆ. ಕನ್ನಡಕ ಮೇಲೆ ಸರಿಸಿ ಮೂಸಿದರು. “ಏನೋ ಇದು, ಬಾಣಂತಿ ಲೇಹ್ಯದ ಡಬ್ಬಿ ಮುಚ್ಚಳ ತೆಗ್ದಂಗಿದೆಯಲ್ಲೋ” ಎಂದರು. ನಾನು ಓದಿದ ಯಾವ ಟಿಪ್ಪಣಿಯೂ ಇಷ್ಟು ಸರಿಯಾಗಿ ಹೇಳಿರಲಿಲ್ಲ. ಜಾಯಿಕಾಯಿ, ಜಾಪತ್ರೆ, ಮೆಣಸು, ಜ್ಯೇಷ್ಠಮಧು, ಚಕ್ಕೆ ಒಟ್ಟಿಗೆ ಬಂದರೆ ನಮ್ಮ ಮನೆಗಳಲ್ಲಿ ಅದು ಬಾಣಂತಿಯ ಕೋಣೆ. ಬೆಚ್ಚಗಿನ, ಸ್ವಲ್ಪ ಮಂಪರು ಬರಿಸುವ, ಸಿಹಿಗೆ ವಾಲುವ ವಾಸನೆ. ಈ ಜಿನ್ನಿನ ಬಲಹೀನತೆಯೂ ಅಲ್ಲೇ ಇದೆ. ಸಿಪ್ಪೆ ಸರಿದ ಮೇಲೆ ನಡುವಿನಲ್ಲಿ ಲೇಹ್ಯದ ಸಾಮಾನು ಒತ್ತೊತ್ತಾಗಿ ನಿಲ್ಲುತ್ತದೆ, ಜುನಿಪರ್ ಹಿಂದಿನ ಬೆಂಚಿಗೆ ಹೋಗುತ್ತದೆ. ಕಾನೂನಿನ ವ್ಯಾಖ್ಯೆಯಲ್ಲೂ ಸಂಪ್ರದಾಯದಲ್ಲೂ ಜಿನ್ ಎನ್ನಿಸಿಕೊಳ್ಳಲು ಜುನಿಪರ್ ರುಚಿಯೇ ಮುಂದಿರಬೇಕು. ಆ ಕಾಯಿಗೆ ನಮ್ಮ ಅಡುಗೆಯಲ್ಲಿ ಜಾಗವಿಲ್ಲ. ಹತ್ತಿರದ ಹೋಲಿಕೆ ಹೇಳುವುದಾದರೆ ಹಸಿಮರ ಕೊಯ್ದಾಗ ಏಳುವ ರಾಳದ ವಾಸನೆ, ಕೊನೆಗೊಂದಿಷ್ಟು ಒಗರು. ಇದರಲ್ಲಿ ಆ ಒಗರನ್ನು ಹುಡುಕಬೇಕಾಗುತ್ತದೆ. ಕೊನೆಯ ಗುಟುಕಿನಲ್ಲಿ ಮೆಣಸಿನ ಕಾವು ಬಂದು ಸ್ವಲ್ಪ ಸರಿಮಾಡುತ್ತದೆ. ಒಟ್ಟಿನಲ್ಲಿ ಬಹಳ ಒಳ್ಳೆಯ ಆರಂಭ, ಕಿಕ್ಕಿರಿದ ನಡುಭಾಗ, ಮರ್ಯಾದೆ ಉಳಿಸಿಕೊಳ್ಳುವ ಕೊನೆ.

ಇಷ್ಟು ಗೊತ್ತಾದ ಮೇಲೆ ಇದನ್ನು ಹೇಗೆ ಬಡಿಸಬೇಕು ಎಂಬ ಪ್ರಶ್ನೆ. ಎಲ್ಲ ಕೆಡುವುದು ಇಲ್ಲೇ.

ಟಾನಿಕ್ಕಿನ ಬಗ್ಗೆ ಒಂದು ಕತೆ ಎಲ್ಲ ಬಾರುಗಳಲ್ಲೂ ಚಾಲ್ತಿಯಲ್ಲಿದೆ. ಭಾರತದಲ್ಲಿದ್ದ ಬ್ರಿಟಿಷ್ ಸಿಪಾಯಿಗಳು ಮಲೇರಿಯಾಕ್ಕೆ ಕ್ವಿನೈನ್ ಕುಡಿಯಬೇಕಿತ್ತು, ಕಹಿ ತಡೆಯಲಾರದೆ ಜಿನ್ ಬೆರೆಸಿದರು, ಹೀಗೆ ಜಿನ್ ಆ್ಯಂಡ್ ಟಾನಿಕ್ ಹುಟ್ಟಿತು ಎಂದು. ಕತೆ ಚೆನ್ನಾಗಿದೆ. ಆದರೆ ಕ್ವಿನೈನ್ ಹಾಕಿದ ಗ್ಯಾಸಿನ ಪಾನೀಯಕ್ಕೆ ಎರಾಸ್ಮಸ್ ಬಾಂಡ್ ಎಂಬಾತ ಪೇಟೆಂಟ್ ಪಡೆದದ್ದು 1858ರಲ್ಲಿ, ಲಂಡನ್ನಿನಲ್ಲಿ. ನಮ್ಮ ದೇಶದಲ್ಲಿ ಜಿನ್ನೂ ಟಾನಿಕ್ಕೂ ಜೊತೆಯಾಗಿ ಅಚ್ಚಿನಲ್ಲಿ ಕಾಣಿಸಿಕೊಂಡ ಹಳೆಯ ಉಲ್ಲೇಖಗಳಲ್ಲೊಂದು 1868ರ ‘ಓರಿಯೆಂಟಲ್ ಸ್ಪೋರ್ಟಿಂಗ್ ಮ್ಯಾಗಜೀನ್’ನದು, ಅಲ್ಲಿ ಅದು ಕುದುರೆ ಜೂಜು ಮುಗಿದ ಮೇಲಿನ ಪಾನೀಯ, ಔಷಧಿಯಲ್ಲ. ಲೆಕ್ಕ ಹಾಕಿದರೂ ಕತೆ ನಿಲ್ಲುವುದಿಲ್ಲ. ಅಮೆರಿಕದ ನಿಯಮದಂತೆ ಒಂದು ಲೀಟರ್ ಟಾನಿಕ್ಕಿನಲ್ಲಿ ಹೆಚ್ಚೆಂದರೆ 83 ಮಿಲಿಗ್ರಾಂ ಕ್ವಿನೈನ್ ಇರಬಹುದು. ಮಲೇರಿಯಾ ಹತ್ತಿದ ದೊಡ್ಡವರಿಗೆ ಕೊಡುತ್ತಿದ್ದ ಪ್ರಮಾಣ 600 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ಇಂದಿನ ಟಾನಿಕ್ಕಿನಲ್ಲಿ ಅದನ್ನು ಹೊಂದಿಸಲು ದಿನಕ್ಕೆ ಇಪ್ಪತ್ತೊಂದು ಲೀಟರಿಗೂ ಮಿಕ್ಕಿ ಕುಡಿಯಬೇಕು.

ಆದರೂ ಕ್ವಿನೈನಿನ ನಿಜವಾದ ಕತೆ ನಮಗೆ ಹತ್ತಿರದ್ದೇ. ದಕ್ಷಿಣ ಅಮೆರಿಕದ ಸಿಂಕೋನಾ ಗಿಡಗಳನ್ನು ಕ್ಲೆಮೆಂಟ್ಸ್ ಮಾರ್ಕ್‌ಹ್ಯಾಮ್ ನೇತೃತ್ವದಲ್ಲಿ ತಂದು 1860ರ ದಶಕದ ಆರಂಭದಲ್ಲಿ ನೀಲಗಿರಿಯ ದೊಡ್ಡಬೆಟ್ಟದ ಮಗ್ಗುಲಲ್ಲಿ ಬೆಳೆಸಿದರು. ಗುಂಡ್ಲುಪೇಟೆ ದಾಟಿ ಘಾಟಿ ಹತ್ತಿದರೆ ಸಿಗುವ ಬೆಟ್ಟಗಳು. ಮಲೆನಾಡಿನ ಹಳೆಯ ತಲೆಮಾರಿನವರಿಗೆ ಕ್ವಿನೈನ್ ಎಂದರೆ ಚಳಿಜ್ವರ, ಕಿವಿಯಲ್ಲಿ ಗುಂಯ್‌ಗುಡುವ ಸದ್ದು, ಬಾಯಿ ತುಂಬ ಕಹಿ. ಇಷ್ಟೆಲ್ಲ ನಮ್ಮ ನೆನಪಿನಲ್ಲಿ ಇರುವಾಗ ಹೊಸ ಬಾಟಲಿಗಳ ಮೇಲೆ ಸಾಹೇಬರ ಟೋಪಿ, ಮೀಸೆ, ಶಿಕಾರಿಯ ಚಿತ್ರಗಳನ್ನು ಕಂಡರೆ ನನಗೆ ಬೇಸರ ಬರುತ್ತದೆ. ಇಂಗ್ಲೆಂಡಿನಲ್ಲಿ ತಯಾರಾಗುವ ‘ಬಾಂಬೆ ಸಫೈರ್’ ವಿಕ್ಟೋರಿಯಾ ರಾಣಿಯ ಚಿತ್ರ ಹಾಕಿಕೊಂಡರೆ ಅದು ಅವರ ಹಳಹಳಿಕೆ. ನಮಗೇನು ಬಂತು?

ಟಾನಿಕ್ಕಿನ ಕೆಲಸ ಕಹಿ. ನಮ್ಮ ನಾಲಿಗೆ ಕಹಿಗೆ ಹೊಸತಲ್ಲ. ಹಾಗಲಕಾಯಿ ಗೊಜ್ಜಿನಲ್ಲಿ ಬೆಲ್ಲ, ಹುಣಿಸೆ ಎಷ್ಟು ಬಿದ್ದರೂ ಹಾಗಲದ ಕಹಿ ಸಾಯಬಾರದು ಎಂಬ ತಿಳಿವಳಿಕೆ ಇರುವ ನಾಲಿಗೆ ಅದು. ಮಾರುಕಟ್ಟೆಯ ಬಹುಪಾಲು ಟಾನಿಕ್ಕುಗಳಲ್ಲಿ ಬೆಲ್ಲದ ಕೈ ಮೇಲಾಗಿದೆ, ಅಂದರೆ ಸಕ್ಕರೆಯದು. ಲೇಹ್ಯದ ಸಿಹಿಗೆ ವಾಲುವ ಈ ಜಿನ್ನಿಗೆ ಅಂಥ ಟಾನಿಕ್ ಹಾಕಿದರೆ ನಡುಭಾಗ ಇನ್ನೂ ಮಂದವಾಗುತ್ತದೆ. ಸಕ್ಕರೆ ಕಡಿಮೆ ಇರುವ, ಬೇರೆ ಯಾವ ಸುವಾಸನೆಯೂ ಸೇರದ ಟಾನಿಕ್ಕೇ ಸರಿ. ಎಲ್ಡರ್‌ಫ್ಲವರ್, ಸೌತೆಕಾಯಿ, ಗ್ರೇಪ್‌ಫ್ರೂಟ್ ಎಂದೆಲ್ಲ ಬರುವವು ಬೇರೆ ಜಿನ್ನುಗಳಿಗಿರಲಿ.

ಅದಕ್ಕಿಂತ ಮುಖ್ಯವಾದದ್ದು ಅಳತೆ. ನಮ್ಮ ಬಾರುಗಳಲ್ಲಿ ಸಣ್ಣ ಪೆಗ್ ಎಂದರೆ 30 ಮಿ.ಲೀ. ಜೊತೆಗೆ 200 ಮಿ.ಲೀ. ಟಾನಿಕ್ ಬಾಟಲಿ ಒಡೆದು ಪೂರ್ತಿ ಸುರಿದುಬಿಡುತ್ತಾರೆ. ದುಡ್ಡು ಕೊಟ್ಟಿದ್ದಾರೆ, ಪೂರ್ತಿ ಸಿಗಲಿ ಎಂಬ ಉದಾರತೆ. ಆಗ ಲೋಟದಲ್ಲಿರುವುದು ನೂರಕ್ಕೆ ಐದೂವರೆ ಪಾಲು ಆಲ್ಕೋಹಾಲಿರುವ ಸಕ್ಕರೆ ನೀರು. ಗಂಧರಾಜವೂ ಇಲ್ಲ, ಜಾಪತ್ರೆಯೂ ಇಲ್ಲ. 90 ಮಿ.ಲೀ.ಗೆ ನಿಲ್ಲಿಸಿದರೆ ಹತ್ತೂವರೆಯ ಮೇಲಿರುತ್ತದೆ, ಜಿನ್ ಮಾತಾಡುತ್ತದೆ. ಟಾನಿಕ್ಕನ್ನು ಬೇರೆ ತಂದಿಡಿ ಎಂದು ಕೇಳಿಕೊಳ್ಳುವುದೇ ಉತ್ತಮ. ಐಸಿನ ವಿಷಯದಲ್ಲಿ ನಮ್ಮ ಜಿಪುಣತನ ಉಲ್ಟಾ ಕೆಲಸ ಮಾಡುತ್ತದೆ. ಎರಡು ತುಂಡು ಹಾಕಿದರೆ ಅವು ಬೇಗ ಕರಗಿ ನೀರಾಗುತ್ತವೆ. ಲೋಟದ ತುಂಬ ದೊಡ್ಡ ತುಂಡುಗಳನ್ನು ಹಾಕಿದರೆ ಬೇಗ ತಣ್ಣಗಾಗಿ ನಿಧಾನ ಕರಗುತ್ತವೆ.

ಇನ್ನು ಗಾರ್ನಿಶ್. ಕಳೆದ ವರ್ಷ ನಗರದ ಒಂದು ಬಾರಿನಲ್ಲಿ ಇದೇ ಜಿನ್ ಹೇಳಿದೆ. ಮೀನು ಸಾಕಬಹುದಾದಷ್ಟು ದೊಡ್ಡ ಗುಂಡನೆಯ ಗ್ಲಾಸು ಬಂತು. ಸ್ಪೇನಿನಿಂದ ಹಬ್ಬಿದ ಈ ಗ್ಲಾಸಿನ ಬಗ್ಗೆ ನನಗೆ ದ್ವೇಷವಿಲ್ಲ, ವಾಸನೆ ಕೂಡಿಟ್ಟುಕೊಳ್ಳಲು ಅದು ಒಳ್ಳೆಯದೇ. ಅದರೊಳಗೆ ಕಿತ್ತಳೆಯ ಬಿಲ್ಲೆ, ಚಕ್ಕೆಯ ಕಡ್ಡಿ, ಅನಾನಸ್ ಹೂವು, ರೋಸ್‌ಮೇರಿ ಕೊಂಬೆ, ಮೇಲೊಂದು ನೇರಳೆ ಬಣ್ಣದ ಹೂವು. ಮದುವೆಮನೆ ಬಾಗಿಲಿನ ಹಾಗೆ ತೋರಣ. ರೋಸ್‌ಮೇರಿಯ ತುದಿಯನ್ನು ಸುಟ್ಟಿದ್ದರಿಂದ ಕಮಟು ವಾಸನೆ ಬೇರೆ. ನಾಲ್ಕು ಗುಟುಕಿನ ಮೇಲೂ ಒಳಗಿರುವುದು ಯಾವ ಜಿನ್ ಎಂದು ನಾಲಿಗೆ ಹೇಳಲಾರದು. ಬಡಿಸಿದ ಹುಡುಗನನ್ನು ಕೇಳಿದೆ, ಇಷ್ಟೆಲ್ಲ ಯಾಕಪ್ಪ ಎಂದು. “ಸರ್, ಫೋಟೋಗೆ ಚೆನ್ನಾಗ್ ಬರುತ್ತೆ” ಎಂದ. ಪ್ರಾಮಾಣಿಕ ಉತ್ತರ, ಇನ್ನೇನು ಕೇಳಲಿ.

ಗಾರ್ನಿಶ್ ಎಂಬುದನ್ನು ನಾವು ಅಲಂಕಾರ ಎಂದು ಅರ್ಥ ಮಾಡಿಕೊಂಡಿದ್ದೇವೆ. ಒಗ್ಗರಣೆ ಎಂದು ಅರ್ಥ ಮಾಡಿಕೊಂಡಿದ್ದರೆ ಈ ಅನಾಹುತ ಆಗುತ್ತಿರಲಿಲ್ಲ. ಕೋಸಂಬರಿಗೆ ಸಾಸಿವೆ ಇಂಗು ಸಾಕು, ಬಸ್ಸಾರಿಗೆ ಬೆಳ್ಳುಳ್ಳಿ ಬೇಕು, ಮಜ್ಜಿಗೆಹುಳಿಯದು ಬೇರೆ. ಯಾವ ಮನೆಯಲ್ಲೂ ಮೂರನ್ನೂ ಒಂದೇ ಸೌಟಿನಲ್ಲಿ ಹಾಕುವುದಿಲ್ಲ. ಒಗ್ಗರಣೆ ಅಡುಗೆಯ ಒಳಗೆ ಇರುವುದೊಂದನ್ನು ಎತ್ತಿ ಹಿಡಿಯಬೇಕು, ಅಥವಾ ಕೊರತೆಯೊಂದನ್ನು ತುಂಬಬೇಕು. ಚಕ್ಕೆ ಮೊದಲೇ ಹೆಚ್ಚಾಗಿರುವ ಜಿನ್ನಿಗೆ ಚಕ್ಕೆ ಹಾಕುವುದು ಉಪ್ಪಾದ ಸಾರಿಗೆ ಉಪ್ಪು.

ಮನೆಯಲ್ಲಿ ಒಂದೊಂದಾಗಿ ಹಾಕಿ ನೋಡಿದೆ, ಒಂದೇ ಟಾನಿಕ್, ಒಂದೇ ಅಳತೆ. ನಿಂಬೆಹಣ್ಣು ಹಿಂಡಿದ್ದು ಎಲ್ಲಕ್ಕಿಂತ ಕೆಟ್ಟದ್ದು. ಭಟ್ಟಿ ಇಳಿಸುವವರು ಕಷ್ಟಪಟ್ಟು ಹೊರಗಿಟ್ಟ ಹುಳಿಯನ್ನು ನಾವು ಮತ್ತೆ ಒಳಗೆ ಸುರಿದಂತಾಯಿತು. ಕ್ವಿನೈನಿನ ಕಹಿ, ಸಿಪ್ಪೆಯ ಸೊಗಡು ಎರಡೂ ಹೋದವು. ಕೊಡಗಿನ ಕಿತ್ತಳೆಯ ತೆಳು ಸಿಪ್ಪೆ ಹಿಂಡಿದರೆ ಪರಿಮಳ ಸೊಗಸು, ಆದರೆ ಒಳಗಿರುವ ನಾಗಪುರದ ಕಿತ್ತಳೆಗೆ ಅದು ತಂಗಿ, ಹೊಸ ಮಾತೇನೂ ಸೇರುವುದಿಲ್ಲ. ವೀಳ್ಯದೆಲೆ ಹಾಕಿದಾಗ ಲವಂಗದ ನೆರಳು ಬಂದು ಬಾಣಂತಿಯ ಕೋಣೆಗೆ ಇನ್ನೊಬ್ಬರು ನೆಂಟರು ಬಂದು ಕೂತಂತಾಯಿತು. ದೊಡ್ಡಪತ್ರೆಯ ಬಗ್ಗೆ ಹೇಳದಿರುವುದೇ ಮೇಲು.

ಕೈ ಹಿಡಿದದ್ದು ಹೇರಳೆಕಾಯಿಯ ಸಿಪ್ಪೆ. ಬೆರಳಗಲ ಸಿಪ್ಪೆಯನ್ನು ಬಿಳಿಯ ಭಾಗ ಬರದಂತೆ ಹೆರೆದು, ಲೋಟದ ಮೇಲೆ ಒಮ್ಮೆ ಮಡಚಿ ಎಣ್ಣೆ ಚಿಮ್ಮಿಸಿ, ಒಳಗೆ ಬಿಟ್ಟುಬಿಡುವುದು. ಗಂಧರಾಜದ ಹಸಿರು ವಾಸನೆಯನ್ನು ಅದು ಕೈಹಿಡಿದು ಮುಂದಕ್ಕೆ ತರುತ್ತದೆ. ಉಪ್ಪಿನಕಾಯಿಗೂ ಚಿತ್ರಾನ್ನಕ್ಕೂ ಮೀಸಲಾದ ಒರಟು ಕಾಯಿಗೆ ಇಷ್ಟು ನಾಜೂಕು ಇದೆಯೆಂದು ನನಗೆ ಹೊಳೆದಿರಲಿಲ್ಲ. ಇನ್ನೊಂದು, ದೇವನಹಳ್ಳಿ ಚಕ್ಕೋತ. ಅದರ ಸಿಪ್ಪೆಗಿಂತ ತೊಳೆಯ ಮೇಲಿನ ಪೊರೆಯಲ್ಲಿರುವ ಕಹಿ ಒಗರು ಇಲ್ಲಿ ಕೆಲಸಕ್ಕೆ ಬರುತ್ತದೆ. ಪೊರೆ ಸಮೇತ ಒಂದು ತೊಳೆ ಹಾಕಿ ಐದು ನಿಮಿಷ ಬಿಟ್ಟರೆ ನಾನು ಹುಡುಕುತ್ತಿದ್ದ ಒಗರು ಬಂದು ಲೇಹ್ಯದ ಸಿಹಿಯನ್ನು ಹಿಡಿದು ನಿಲ್ಲಿಸುತ್ತದೆ. ಎರಡನ್ನೂ ಒಟ್ಟಿಗೆ ಹಾಕಬೇಡಿ. ಹಾಕಿ ನೋಡಿದ್ದೇನೆ.

ಇಷ್ಟು ಹೊತ್ತು ಸಿಪ್ಪೆ ಪೊರೆಗಳ ಬಗ್ಗೆ ಬರೆಯುತ್ತಾ ಒಂದು ಮಾತು ಒಳಗೇ ಚುಚ್ಚುತ್ತಿದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅದಕ್ಕೆ ಮೊದಲು ಪ್ಯಾಕೆಟ್ಟಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು ಕುಡಿಯುತ್ತಿದ್ದವರನ್ನು ನಾವೆಲ್ಲ ನೋಡಿದ್ದೇವೆ. ಅದು ಎಷ್ಟು ಮನೆಗಳನ್ನು ತೊಳೆದುಹಾಕಿತು ಎಂಬುದು ಆ ಮನೆಗಳ ಹೆಂಗಸರಿಗೆ ಗೊತ್ತು, ಆ ನಿಷೇಧವನ್ನು ನಾನು ಲೇವಡಿ ಮಾಡಲಾರೆ. ಆದರೆ ಕೈಯಲ್ಲಿ ಮಾಡಿದ್ದು ಎಂದು ಹೊಗಳಿಸಿಕೊಳ್ಳುವ ಜಿನ್ನುಗಳ ಪೈಕಿ ಬಹುಪಾಲು ಶುರುವಾಗುವುದು ದೊಡ್ಡ ಕಾರ್ಖಾನೆಯಿಂದ ಕೊಂಡುತಂದ, ರುಚಿ ವಾಸನೆ ಎರಡೂ ಇಲ್ಲದ ಶುದ್ಧ ಸ್ಪಿರಿಟ್ಟಿನಿಂದಲೇ. ತಾಮ್ರದ ಹಂಡೆಯಲ್ಲಿ ಸಾಂಬಾರ ಸಾಮಾನಿನೊಡನೆ ಅದನ್ನು ಮತ್ತೊಮ್ಮೆ ಭಟ್ಟಿ ಇಳಿಸುವುದರಲ್ಲಿ ಇವರ ಕಸುಬು ಇರುವುದು. ಅದು ನಿಜವಾದ ಕಸುಬು, ಅಲ್ಲಗಳೆಯುವುದಿಲ್ಲ. ಒಂದಕ್ಕೆ ಹನ್ನೊಂದು ಸಾಮಾನಿನ ಪಟ್ಟಿ, ಗುಂಡನೆಯ ಗ್ಲಾಸು, ವಿಶೇಷಣಗಳು. ಇನ್ನೊಂದಕ್ಕೆ ಹಲ್ಲಿನ ಗುರುತು.

ಜಿನ್ನಿನ ಊರಲ್ಲೂ ಹೀಗೇ ಇತ್ತು. 1751ರಲ್ಲಿ ವಿಲಿಯಂ ಹೊಗಾರ್ತ್ ‘ಜಿನ್ ಲೇನ್’ ಎಂಬ ಚಿತ್ರ ಅಚ್ಚು ಹಾಕಿಸಿದ. ಲಂಡನ್ನಿನ ಬಡವರ ಬೀದಿ, ಅಮಲಿನಲ್ಲಿ ಮಗು ಕೈಜಾರಿ ಬೀಳುತ್ತಿರುವುದೂ ತಿಳಿಯದ ತಾಯಿ. ಅದೇ ವರ್ಷ ಪಾರ್ಲಿಮೆಂಟು ಜಿನ್ ಮಾರಾಟಕ್ಕೆ ಕಡಿವಾಣ ಹಾಕುವ ಕಾಯ್ದೆ ತಂದಿತು. ಅಂದಿನ ಜಿನ್ ಅವರ ಸಾರಾಯಿ. ಮುಂದಿನ ಶತಮಾನದಲ್ಲಿ ಭಟ್ಟಿಯ ತಂತ್ರ ಸುಧಾರಿಸಿತು, ಜಿನ್ ಕೋಟು ಹಾಕಿಕೊಂಡಿತು, ನಮ್ಮ ಕ್ಲಬ್ಬುಗಳಿಗೆ ಬಂದು ಕೂತಿತು. ಈಗ ಕೋಟು ಬಿಚ್ಚಿ ಖಾದಿ ಉಟ್ಟು ಬಂದಿದೆ. ಬಣ್ಣನೆಯ ಮಾತುಗಳು ಯಾವಾಗಲೂ ಕೋಟಿನ ಹಿಂದೆಯೇ ಹೋಗುತ್ತವೆ ಎಂಬುದು ನನ್ನನ್ನು ಕಾಡುವ ವಿಷಯ. ಘಾಟು, ಸೊಗಡು, ಒಗರು, ಕನರು, ಕಮಟು, ಮುಗ್ಗಲು ಈ ಪದಗಳನ್ನು ಇಲ್ಲಿ ಬಳಸಬೇಕು ಎಂದು ನಾನು ಹಟ ಹಿಡಿಯುವುದು ಭಾಷಾಭಿಮಾನಕ್ಕಲ್ಲ. ಅವು ಕೋಟು ನೋಡುವುದಿಲ್ಲ. ಹಳಸಿದ್ದಕ್ಕೂ ಹಬ್ಬದ ಅಡುಗೆಗೂ ಒಂದೇ ಮೂಗಿನಿಂದ ಹುಟ್ಟಿದ ಮಾತುಗಳು. ಸಾವಿರ ವರ್ಷದ ಹಿಂದೆ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಅಡುಗೆಯ ಜೊತೆಗೆ ಸುಗಂಧ ತಯಾರಿಕೆಯನ್ನೂ ಕನ್ನಡದಲ್ಲಿ ಬರೆದಿಟ್ಟ. ಮೂಗಿನ ವಿದ್ಯೆ ನಮಗೆ ಹೊಸದಲ್ಲ.

ಗೋವಾದಲ್ಲೇ ಇದಕ್ಕೆ ಪಕ್ಕದ ಮನೆಯ ಉದಾಹರಣೆ ಇದೆ. ಗೇರುಹಣ್ಣಿನ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆದರೂ ಅದು ಸರ್ಕಾರಿ ದಾಖಲೆಯಲ್ಲಿ ನಾಡಸಾರಾಯಿಯ ಸಾಲಿನಲ್ಲೇ ಇತ್ತು. 2016ರಲ್ಲಿ ಪಾರಂಪರಿಕ ಪಾನೀಯ ಎಂಬ ಸ್ಥಾನ ಬಂತು. ಉತ್ತರ ಕನ್ನಡದವರಿಗೆ ಗೇರುಹಣ್ಣಿನ ಆ ಕನರು ವಾಸನೆಯನ್ನು ವಿವರಿಸಬೇಕಿಲ್ಲ. ಮೊದಲ ಭಟ್ಟಿಯ ಹಗುರ ಉರ್ರಾಕ್ ಬೇಸಿಗೆಯಲ್ಲಿ ಮಾತ್ರ ಸಿಗುತ್ತದೆ. ಅದನ್ನು ಬಡಿಸುವ ರೀತಿ ನೋಡಿ: ಲಿಮ್ಕಾ, ಚಿಟಿಕೆ ಉಪ್ಪು, ನಿಂಬೆಯ ಹೋಳು, ಸೀಳಿದ ಒಂದು ಹಸಿಮೆಣಸಿನಕಾಯಿ. ನಾಲ್ಕಕ್ಕೂ ಕೆಲಸ ಇದೆ. ಉಪ್ಪು ಕನರನ್ನು ತಗ್ಗಿಸುತ್ತದೆ, ಮೆಣಸಿನಕಾಯಿಯ ಹಸಿ ವಾಸನೆ ಹಣ್ಣಿನ ವಾಸನೆಗೆ ಎದುರು ನಿಲ್ಲುತ್ತದೆ. ಇದನ್ನು ಗಾರ್ನಿಶ್ ಎಂದು ಯಾರೂ ಕರೆದಿಲ್ಲ, ಒಗ್ಗರಣೆ ಎಂದರೆ ಇದೇ.

ಹಪುಸಾದ ಬಗ್ಗೆ ಎರಡು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಜುನಿಪರಿಗೆ ಸಂಸ್ಕೃತದಲ್ಲಿರುವ ಹೆಸರನ್ನೇ ಇಟ್ಟುಕೊಂಡ ಈ ಜಿನ್ನಿಗೆ ಜುನಿಪರ್ ಬರುವುದು ಯುರೋಪಿನಿಂದಲ್ಲ, ಹಿಮಾಲಯದಿಂದ. ಒಳಗೆ ಅರಿಸಿನ, ಶುಂಠಿ, ಏಲಕ್ಕಿ, ಮಾವು ಕೂಡ ಇವೆ. ಮಣ್ಣಿನ ವಾಸನೆ ಇದರದು, ಮೊದಲ ಮಳೆಯ ಮಣ್ಣಲ್ಲ, ಹಸಿ ಅರಿಸಿನದ ಕೊಂಬು ಕಿತ್ತಾಗ ಬೇರಿಗೆ ಅಂಟಿಕೊಂಡಿರುವ ಮಣ್ಣು. ರಾಳ, ಒಗರು ಎರಡೂ ಸ್ಟ್ರೇಂಜರ್‌ಗಿಂತ ಹೆಚ್ಚು ಸ್ಪಷ್ಟ. ಹಾಗಿದ್ದರೂ ಟಾನಿಕ್ ಬಿದ್ದ ತಕ್ಷಣ ಅದು ಮಾತು ನಿಲ್ಲಿಸುತ್ತದೆ; ಕ್ವಿನೈನಿನ ಕಹಿಯೂ ಅರಿಸಿನದ ಕಹಿಯೂ ಜಗಳಕ್ಕೆ ಬೀಳುತ್ತವೆ. ಏನು ಒಗ್ಗರಣೆ ಹಾಕಿದರೂ ರಾಜಿಯಾಗಲಿಲ್ಲ. ಸೋಡಾ ಹಾಕಿ ನೋಡಿದೆ, ಪರವಾಗಿಲ್ಲ. ಕೊನೆಗೆ ಸರಿಬಂದದ್ದು ಒಂದು ದೊಡ್ಡ ಐಸಿನ ತುಂಡು, ಅಷ್ಟೇ ಅಳತೆಯ ನೀರು, ಮಾವಿನಕಾಯಿಯ ಕಾಲವಾದರೆ ಹುಳಿ ಕಡಿಮೆ ಇರುವ ತೋತಾಪುರಿಯ ಒಂದು ತೆಳು ಹೋಳು. ಆ ಹೋಳನ್ನು ಕೊನೆಗೆ ಉಪ್ಪು ಹಚ್ಚಿ ತಿನ್ನಬಹುದು.